ಕಾಸರಗೋಡಿನ ಎದುರಿನ ಕಡಲಿಳಿಜಾರು: ಹಳೆಯ ಹಡಗುಗಳ ದತ್ತಾಂಶವನ್ನು ಹುಡುಕಿ ಓದುವ ಸಮಗ್ರ ಮಾರ್ಗದರ್ಶಿ

ಸೆಪ್ಟೆಂಬರ್‌ನ ಒಂದು ಬೆಳಗ್ಗೆ ಕಾಸರಗೋಡಿನ ಕಸಬಾ ಕಡಪ್ಪುರದಲ್ಲಿ ಬಲೆ ಕೊಡವುತ್ತಿದ್ದ ಹಿರಿಯರೊಬ್ಬರು ಹೇಳಿದ್ದು ಎರಡೇ ಮಾತು: "ಇಪ್ಪತ್ತು ಮಾರಿನಲ್ಲಿ ಅಡಿನೀರು ಸರಿ ಇಲ್ಲ. ಬಲೆ ಐಸಿನ ಹಾಗೆ ತಣ್ಣಗೆ ಬರುತ್ತದೆ, ಒಳಗೆ ಮೀನಿಲ್ಲ." ಬಲೆಯ ಕೆಳಅಂಚನ್ನು ನನ್ನ ಕೈಗೆ ಕೊಟ್ಟರು. ಬಿಸಿಲಲ್ಲಿದ್ದರೂ ಅದು ತಣ್ಣಗೇ ಇತ್ತು.

ಅವರು ಕೈಯಲ್ಲಿ ಅಳೆದದ್ದನ್ನೇ ಹಡಗುಗಳು ಥರ್ಮಾಮೀಟರಿನಲ್ಲಿ, ಬಾಟಲಿಗಳಲ್ಲಿ ಅಳೆಯುತ್ತಾ ಬಂದು ಅರುವತ್ತು ವರ್ಷ ದಾಟಿದೆ. ನಮ್ಮ ದಡದಿಂದ ಪಡುವಣಕ್ಕೆ ಹೋದಂತೆ ಕಡಲ ತಳ ಮೊದಲು ನಿಧಾನವಾಗಿ ಇಳಿಯುತ್ತದೆ. ಇದು ಭೂಖಂಡಾವರಣ ಪ್ರದೇಶ. ಸುಮಾರು ನೂರು ಮಾರು ಆಳದ ಆಚೆಗೆ ಅದು ಒಮ್ಮೆಲೇ ಕಡಿದಾಗಿ ಸಾವಿರ ಮೀಟರಿಗೂ ಕೆಳಗೆ ಹೋಗುತ್ತದೆ. ಇದೇ ಭೂಖಂಡಾವರಣ ಇಳಿಜಾರು. ಅರಬ್ಬೀ ಸಮುದ್ರದಲ್ಲಿ ಸರಿಸುಮಾರು 150ರಿಂದ 1000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ನೀರಿನ ಪದರ ಇದೆ. ಅದು ಈ ಇಳಿಜಾರಿಗೆ ಒರಗಿಕೊಂಡೇ ನಿಂತಿದೆ. ನೈಋತ್ಯ ಮಾನ್ಸೂನಿನಲ್ಲಿ ಆ ಪದರದ ಮೇಲಂಚಿನ ತಣ್ಣನೆಯ ನೀರು ಇಳಿಜಾರನ್ನು ಹತ್ತಿ ದಡದ ಕಡೆ ಬರುತ್ತದೆ. ಮೀನುಗಾರರ ಬಲೆಯಲ್ಲಿ ಬಂದದ್ದು ಆ ನೀರು.

ಈ ಅಂಕಿಗಳೆಲ್ಲ ಉಚಿತವಾಗಿ ಸಿಗುತ್ತವೆ. ಇಂಟರ್ನೆಟ್ ಇರುವ ಒಂದು ಲ್ಯಾಪ್‌ಟಾಪ್ ಸಾಕು. ಮಂಜೇಶ್ವರದ ಕಾಲೇಜು ವಿದ್ಯಾರ್ಥಿಗೂ ನೀಲೇಶ್ವರದ ಬೋಟು ಮಾಲೀಕರಿಗೂ ಇದು ಕೈಗೆಟುಕುವ ಕೆಲಸ. ಆದರೆ ಅಂಕಿ ಸಿಕ್ಕಿತೆಂದು ನೇರವಾಗಿ ಗ್ರಾಫ್ ಬಿಡಿಸಲು ಹೋದರೆ ತಪ್ಪುತ್ತೀರಿ. ಯಾರು, ಯಾವ ತಿಂಗಳು, ಯಾವ ಗಂಟೆಗೆ, ಯಾವ ಏಕಮಾನದಲ್ಲಿ ಅಳೆದರು ಎಂಬುದು ಅಂಕಿಗಿಂತ ಮೊದಲು ಬರಬೇಕು. ಈ ಬರಹದ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ.

ಹೆಜ್ಜೆ 1: ಪ್ರಶ್ನೆಯೊಂದನ್ನು ಬರೆದಿಟ್ಟುಕೊಳ್ಳಿ

"ನಮ್ಮ ಕಡಲಿನ ಬಗ್ಗೆ ತಿಳಿಯಬೇಕು" ಎಂದರೆ ದತ್ತಾಂಶದ ರಾಶಿಯಲ್ಲಿ ಮುಳುಗಿಹೋಗುತ್ತೀರಿ. ನಾನಿಲ್ಲಿ ಇಟ್ಟುಕೊಂಡ ಪ್ರಶ್ನೆ ಇದು: ಕಾಸರಗೋಡಿನ ಎದುರು ಆಮ್ಲಜನಕ ಕಡಿಮೆ ಇರುವ ನೀರು ಯಾವ ತಿಂಗಳು ಎಷ್ಟು ಮೇಲೆ ಬರುತ್ತದೆ, ಮತ್ತು ಆ ಪದರದೊಳಗೆ ಯಾವ ಜೀವಿಗಳು ದಾಖಲಾಗಿವೆ?

ಹೆಜ್ಜೆ 2: ಕಡಲಲ್ಲಿ ಒಂದು ಚೌಕಟ್ಟು ಹಾಕಿ

ಕಾಸರಗೋಡು ಪೇಟೆ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಉತ್ತರ ದಕ್ಷಿಣಕ್ಕೆ 12ರಿಂದ 13 ಡಿಗ್ರಿ, ಪೂರ್ವ ಪಶ್ಚಿಮಕ್ಕೆ 73ರಿಂದ 75.2 ಡಿಗ್ರಿ ಎಂದು ಚೌಕಟ್ಟು ಹಾಕಿದರೆ ತಲಪಾಡಿಯಿಂದ ತ್ರಿಕ್ಕರಿಪುರದವರೆಗಿನ ದಡದ ಎದುರು, ಆವರಣ ಪ್ರದೇಶ, ಇಳಿಜಾರು, ಅದರಾಚೆಯ ಲಕ್ಷದ್ವೀಪ ಸಮುದ್ರದ ಒಂದು ಪಾಲು ಎಲ್ಲವೂ ಒಳಗೆ ಬರುತ್ತವೆ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 109 ಕಿಲೋಮೀಟರ್.

ತಳದ ಆಳಕ್ಕೆ ಗೆಬ್ಕೊ ಜಾಲತಾಣಕ್ಕೆ ಹೋಗಿ. ಇದೇ ನಾಲ್ಕು ಅಂಕಿ ಕೊಟ್ಟರೆ ನಿಮ್ಮ ಚೌಕಟ್ಟಿನಷ್ಟೇ ಆಳದ ಜಾಲರಿಯನ್ನು ಡೌನ್‌ಲೋಡ್ ಮಾಡಬಹುದು. ಜಾಲರಿಯ ಕಣ್ಣು 15 ಆರ್ಕ್ ಸೆಕೆಂಡ್, ಅಂದರೆ ಸುಮಾರು 450 ಮೀಟರ್. ಅದನ್ನು ನಕ್ಷೆ ಬಿಡಿಸುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆದು 50, 100, 200, 500, 1000 ಮೀಟರಿನ ಗೆರೆಗಳನ್ನು ಎಳೆಯಿರಿ. 200 ಮತ್ತು 1000ರ ಗೆರೆಗಳ ನಡುವಿನ ಪಟ್ಟಿಯೇ ನಿಮ್ಮ ಮುಖ್ಯ ಕ್ಷೇತ್ರ.

ಇಲ್ಲಿ ಮಾರಿನ ಲೆಕ್ಕ ಕಲಿತಿರಿ. ಹಳೆಯ ನಕ್ಷೆ, ವರದಿಗಳಲ್ಲಿ ಆಳ ಫ್ಯಾದಮಿನಲ್ಲಿ ಇರುತ್ತದೆ. ಒಂದು ಫ್ಯಾದಮ್ ಆರು ಅಡಿ, 1.83 ಮೀಟರ್. ಎರಡು ಕೈ ಚಾಚಿದಷ್ಟು ಉದ್ದದ ನಮ್ಮ ಮಾರೂ ಅಷ್ಟೇ. ಕಸಬಾದ ಹಿರಿಯರ ಇಪ್ಪತ್ತು ಮಾರು ಸುಮಾರು 37 ಮೀಟರ್. ಹಳೆಯ ಪುಸ್ತಕಗಳ "ನೂರು ಫ್ಯಾದಮ್ ಗೆರೆ" 183 ಮೀಟರ್, ಅಂದರೆ ಇಳಿಜಾರಿನ ಬಾಯಿ.

ಹೆಜ್ಜೆ 3: ಯಾವ ಹಡಗು, ಯಾವ ಕಾಲ ಎಂದು ತಿಳಿದುಕೊಳ್ಳಿ

ಹುಡುಕುವಾಗ "ಕಾಸರಗೋಡು" ಎಂದು ಟೈಪ್ ಮಾಡಿದರೆ ಹೆಚ್ಚೇನೂ ಸಿಗುವುದಿಲ್ಲ. 1956ರ ನವೆಂಬರ್ 1ರವರೆಗೆ ನಮ್ಮದು ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ. ಹಳೆಯ ದಾಖಲೆಗಳಲ್ಲಿ ಈ ನೀರಿನ ಹೆಸರು ಸೌತ್ ಕೆನರಾ, ಮಲಬಾರ್ ಕರಾವಳಿ, ಮಂಗಳೂರಿನ ಎದುರು, ಕಣ್ಣೂರಿನ ಎದುರು ಎಂದೆಲ್ಲ ಇರುತ್ತದೆ. ಹಾಗಾಗಿ ಊರಿನ ಹೆಸರು ಬಿಟ್ಟು ಅಕ್ಷಾಂಶ ರೇಖಾಂಶದಿಂದಲೇ ಹುಡುಕಬೇಕು.

ಅರಬ್ಬೀ ಸಮುದ್ರದ ಮೊದಲ ದೊಡ್ಡ ರಾಸಾಯನಿಕ ಸಮೀಕ್ಷೆ 1933–34ರ ಜಾನ್ ಮರ್ರೆ ಯಾತ್ರೆ. ಈಜಿಪ್ಟಿನ ಮಬಾಹಿಸ್ ಹಡಗು, ಮುಂದಾಳು ಸೀಮೋರ್ ಸ್ಯೂವೆಲ್. ಮಧ್ಯದ ಆಳಗಳಲ್ಲಿ ಆಮ್ಲಜನಕ ಬಹುತೇಕ ಇಲ್ಲವೆಂಬುದನ್ನೂ, ಅಲ್ಲಿನ ತಳದಲ್ಲಿ ಕೆಲವೆಡೆ ಜೀವಿಗಳೇ ಸಿಗದ್ದನ್ನೂ ಅವರು ದಾಖಲಿಸಿದರು. ಆಮೇಲಿನ ದೊಡ್ಡ ಫಸಲು ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯದು. ಅದು 1965ರವರೆಗೆ ನಡೆಯಿತು. ನಮ್ಮ ಐಎನ್‌ಎಸ್ ಕಿಸ್ತ್ನಾ, ಇಂಡೋ–ನಾರ್ವೇಜಿಯನ್ ಯೋಜನೆಯ ವರುಣ, ಅಮೆರಿಕದ ಆಂಟನ್ ಬ್ರೂನ್, ಜರ್ಮನಿಯ ಮೆಟಿಯೋರ್, ಬ್ರಿಟನ್ನಿನ ಡಿಸ್ಕವರಿ, ರಷ್ಯದ ವಿತ್ಯಾಜ್ ಅದರಲ್ಲಿದ್ದವು. ಆ ಯಾತ್ರೆಯ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಗೋವಾದ ದೋನಾ ಪೌಲಾದಲ್ಲಿದೆ. ಆಮೇಲೆ ಗವೇಷಣಿ, ಸಾಗರ ಕನ್ಯಾ ಮತ್ತು 1984ರಿಂದ ಸಾಗರ ಸಂಪದಾ ಬಂದವು. ಇಳಿಜಾರಿನ ಜೀವಿಗಳ ಮಟ್ಟಿಗೆ ಸಾಗರ ಸಂಪದಾಳ ಟ್ರಾಲ್ ಬಲೆಗಳಷ್ಟು ಕೆಲಸ ಮಾಡಿದ ಹಡಗು ನಮ್ಮಲ್ಲಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಹೆಜ್ಜೆ 4: ನೀರಿನ ಅಂಕಿಗಳನ್ನು ಇಳಿಸಿಕೊಳ್ಳಿ

ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದ ವರ್ಲ್ಡ್ ಓಷನ್ ಡೇಟಾಬೇಸ್‌ನಿಂದ ಆರಂಭಿಸಿ. ಮೇಲೆ ಹೇಳಿದ ಹಡಗುಗಳ ಎಷ್ಟೋ ಕೆಲಸ ಅಲ್ಲಿ ಒಂದೇ ಕಡೆ ಸೇರಿದೆ. ಅದರ ಆಯ್ಕೆ ಪುಟದಲ್ಲಿ ಚೌಕಟ್ಟಿನ ನಾಲ್ಕು ಅಂಚು ತುಂಬಿ. ದತ್ತಾಂಶದ ಬಗೆಯಲ್ಲಿ ಓಎಸ್‌ಡಿ ಮತ್ತು ಸಿಟಿಡಿ ಎರಡಕ್ಕೂ ಗುರುತು ಹಾಕಿ. ಓಎಸ್‌ಡಿ ಎಂದರೆ ಬಾಟಲಿಯಲ್ಲಿ ನೀರೆತ್ತಿ ಅಳೆದದ್ದು. ರಸಾಯನದ ಅಂಕಿಗಳು ಹೆಚ್ಚಾಗಿ ಇರುವುದು ಅದರಲ್ಲೇ. ಸಿಟಿಡಿ ಎಂದರೆ ಹಡಗಿನಿಂದ ಇಳಿಬಿಟ್ಟ ಸಂವೇದಕ ಯಂತ್ರ ಅಳೆದದ್ದು. ಎಂಬಿಟಿ, ಎಕ್ಸ್‌ಬಿಟಿಗಳಲ್ಲಿ ಉಷ್ಣತೆ ಬಿಟ್ಟರೆ ಬೇರೇನಿಲ್ಲ, ಸದ್ಯಕ್ಕೆ ಬೇಡ. ಅಳತೆಗಳಲ್ಲಿ ಉಷ್ಣತೆ, ಲವಣತೆ, ಆಮ್ಲಜನಕ, ನೈಟ್ರೇಟ್, ನೈಟ್ರೈಟ್, ಫಾಸ್ಫೇಟ್, ಸಿಲಿಕೇಟ್ ಆರಿಸಿ. ಹಡಗು ನಿಂತು ಅಳೆದ ಒಂದೊಂದು ಜಾಗವೂ ಒಂದು ನಿಲ್ದಾಣ. "ಎಲ್ಲವೂ ಇರುವ ನಿಲ್ದಾಣ ಮಾತ್ರ" ಎಂಬಂಥ ಷರತ್ತು ಹಾಕಬೇಡಿ, ಅರ್ಧಕ್ಕರ್ಧ ಹಳೆಯ ನಿಲ್ದಾಣಗಳು ಜಾರಿಹೋಗುತ್ತವೆ. ವಿನಂತಿ ಕಳಿಸಿದರೆ ಫೈಲಿನ ಕೊಂಡಿ ಇಮೇಲಿಗೆ ಬರುತ್ತದೆ.

ಆಳ ಕೇಳಿದಾಗ "ಅಳೆದ ಆಳ" ಆರಿಸಿ. "ಪ್ರಮಾಣಿತ ಆಳ" ಆರಿಸಿದರೆ ಎರಡು ಬಾಟಲಿಗಳ ನಡುವಿನ ಅಂಕಿಯನ್ನು ಲೆಕ್ಕಹಾಕಿ ತುಂಬಿಸಿರುತ್ತಾರೆ. ಆಮ್ಲಜನಕ ಕೆಲವೇ ಮೀಟರುಗಳಲ್ಲಿ ಧುಮುಕುವ ನಮ್ಮ ನೀರಿನಲ್ಲಿ ಆ ತುಂಬಿಸಿದ ಅಂಕಿ ಕಣ್ಣು ತಪ್ಪಿಸುತ್ತದೆ.

2000ದಿಂದ ಈಚೆಗೆ ಬೇಕಾದರೆ ಆರ್ಗೋ ತೇಲುಯಂತ್ರಗಳಿವೆ. ಭಾರತದ ಆರ್ಗೋ ದತ್ತಾಂಶ ಕೇಂದ್ರ ಹೈದರಾಬಾದಿನ ಇನ್‌ಕಾಯ್ಸ್. ಅವು ಸಾವಿರ ಮೀಟರಿನಲ್ಲಿ ತೇಲಿ, ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು ಮೇಲೆ ಬರುತ್ತವೆ. ಸಾವಿರ ಮೀಟರ್ ಆಳವಿಲ್ಲದ ಕಡೆಗೆ ಅವು ಬರುವುದೇ ಅಪರೂಪವಾದ್ದರಿಂದ ಇಳಿಜಾರಿನ ಮೇಲ್ಭಾಗಕ್ಕೆ ಹಳೆಯ ಬಾಟಲಿಗಳೇ ಗತಿ.

ಹೆಜ್ಜೆ 5: ತಲೆಬರಹ ಓದಿ, ಆತುರ ಬೇಡ

ಸಿಎಸ್‌ವಿ ಫೈಲನ್ನು ಮೊದಲು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅದು ಒಂದು ದೊಡ್ಡ ಕೋಷ್ಟಕವಲ್ಲ. ಒಂದೊಂದು ನಿಲ್ದಾಣಕ್ಕೂ ಒಂದು ತುಂಡು. ತುಂಡಿನ ಮೇಲೆ ನಿಲ್ದಾಣದ ಸಂಖ್ಯೆ, ಯಾತ್ರೆಯ ಗುರುತು, ಅಕ್ಷಾಂಶ, ರೇಖಾಂಶ, ವರ್ಷ, ತಿಂಗಳು, ದಿನ, ಗಂಟೆ, ದೇಶ, ತಳದ ಆಳ. ಕೆಳಗೆ ಅಳತೆಗಳು. ಅಳತೆಯ ಪ್ರತಿ ಕಾಲಮಿನ ಪಕ್ಕ ಎಫ್ ಮತ್ತು ಓ ಎಂಬ ಎರಡು ಸಣ್ಣ ಕಾಲಂ. ಎಫ್ ಡೇಟಾಬೇಸಿನವರು ಹಾಕಿದ ಗುಣಮಟ್ಟದ ಗುರುತು, ಓ ಅಳೆದವರೇ ಹಾಕಿದ್ದು.

ಮೊದಲು ಜಾಗ ನೋಡಿ. ಜಿಪಿಎಸ್ ಬರುವ ಮುಂಚೆ ಹಡಗಿನವರು ಸೂರ್ಯ, ನಕ್ಷತ್ರ ನೋಡಿ, ವೇಗದ ಅಂದಾಜು ಹಾಕಿ ಸ್ಥಾನ ಬರೆಯುತ್ತಿದ್ದರು. ಕೆಲವು ಕಿಲೋಮೀಟರ್ ಹೆಚ್ಚುಕಡಿಮೆ ಸಹಜ. ಆವರಣ ಪ್ರದೇಶದಲ್ಲಿ ಅದರಿಂದ ದೊಡ್ಡ ನಷ್ಟವಿಲ್ಲ. ಇಳಿಜಾರಿನಲ್ಲಿ ಅಷ್ಟೇ ದೂರಕ್ಕೆ ತಳ ನೂರಾರು ಮೀಟರ್ ಬದಲಾಗಿಬಿಡುತ್ತದೆ. ಹಾಗಾಗಿ ಹಡಗಿನವರು ಬರೆದ ತಳದ ಆಳವನ್ನು ಗೆಬ್ಕೊ ಆಳದೊಂದಿಗೆ ಹೋಲಿಸಿ. ಬಾಟಲಿ ತಳಕ್ಕಿಂತ ಕೆಳಗೆ ಹೋದಂತೆ ಕಂಡರೆ ಜಾಗ ತಪ್ಪಿದೆ ಎಂದರ್ಥ. ಗುಡ್ಡದ ಮೇಲೆ, ಚಂದ್ರಗಿರಿ ಕೋಟೆಯ ಹತ್ತಿರ ಬಿದ್ದ ನಿಲ್ದಾಣ ಕಂಡರೂ ಗಾಬರಿಯಾಗಬೇಡಿ, ಅಕ್ಷಾಂಶದ್ದೋ ರೇಖಾಂಶದ್ದೋ ಒಂದಂಕಿ ಆಚೀಚೆ ಆಗಿರುತ್ತದೆ. ಅದನ್ನು ಅಳಿಸದೆ "ಸಂಶಯ" ಎಂದು ಬೇರೆ ಹಾಳೆಗೆ ಹಾಕಿ.

ಆಮೇಲೆ ಗಂಟೆ. ಫೈಲಿನಲ್ಲಿ ಇರುವುದು ಅಂತರರಾಷ್ಟ್ರೀಯ ಸಮಯ, ಅದೂ ದಶಮಾಂಶದಲ್ಲಿ. 14ನೇ ತಾರೀಕು 20.50 ಎಂದಿದ್ದರೆ ರಾತ್ರಿ ಎಂಟೂವರೆ. ನಮ್ಮ ಐದೂವರೆ ಗಂಟೆ ಸೇರಿಸಿದರೆ 15ನೇ ತಾರೀಕು ಬೆಳಗಿನ ಜಾವ ಎರಡು. ಆಮ್ಲಜನಕಕ್ಕೆ ಇದು ಅಷ್ಟಾಗಿ ತಟ್ಟುವುದಿಲ್ಲ. ಜೀವಿಗಳಿಗೆ ಬಂದಾಗ ಇದೇ ಎಲ್ಲ. ದೀಪಮೀನುಗಳೂ ಎಷ್ಟೋ ಪ್ಲವಕ ಸಿಗಡಿಗಳೂ ಹಗಲು ಆಮ್ಲಜನಕ ಕಡಿಮೆ ಇರುವ ಕತ್ತಲೆಯ ಪದರದಲ್ಲಿ ಅಡಗಿ, ರಾತ್ರಿ ಮೇಲೇರಿ ಮೇಯುತ್ತವೆ. ಹಗಲು ರಾತ್ರಿ ಅದಲುಬದಲಾದರೆ ಇಡೀ ಕಥೆಯೇ ತಲೆಕೆಳಗಾಗುತ್ತದೆ.

ಹೆಜ್ಜೆ 6: ಏಕಮಾನ

ಕೆಲವು ವರ್ಷದ ಹಿಂದೆ ವಿದ್ಯಾರ್ಥಿಗಳ ಒಂದು ಪ್ರಾಜೆಕ್ಟಿಗೆ ಎರಡು ಬೇರೆ ಕಾಲದ ವರದಿಗಳಿಂದ ಆಮ್ಲಜನಕದ ಅಂಕಿಗಳನ್ನು ನಾನೇ ಕೂತು ಟೈಪ್ ಮಾಡಿದ್ದೆ. ಹೊಸ ಹಡಗಿನ ಅಂಕಿಗಳು ಹಳೆಯದಕ್ಕಿಂತ ಸುಮಾರು ಶೇ. 30 ಕಡಿಮೆ. ಕಡಲು ಉಸಿರು ಕಳೆದುಕೊಳ್ಳುತ್ತಿದೆ ಎಂದು ಮಕ್ಕಳು ದೊಡ್ಡ ಅಕ್ಷರದಲ್ಲಿ ಚಾರ್ಟ್ ಬರೆದು ಗೋಡೆಗೆ ಅಂಟಿಸಿದರು. ಒಂದು ವರದಿ ಲೀಟರಿಗೆ ಮಿಲಿಗ್ರಾಂ, ಇನ್ನೊಂದು ಲೀಟರಿಗೆ ಮಿಲಿಲೀಟರ್ ಎಂಬುದು ನನಗೆ ತಿಳಿದದ್ದು ಮೂರು ದಿನ ಕಳೆದ ಮೇಲೆ. ಚಾರ್ಟ್ ಕೀಳುವಾಗ ಆ ಮಕ್ಕಳ ಮುಖ ನೋಡಲು ಕಷ್ಟವಾಯಿತು. ಅಂದಿನಿಂದ ಮೇಜಿನ ಮೇಲೆ ಈ ಸಾಲು ಬರೆದು ಅಂಟಿಸಿಕೊಂಡಿದ್ದೇನೆ:

1 ಮಿಲಿಲೀಟರ್ ಪ್ರತಿ ಲೀಟರಿಗೆ = 1.43 ಮಿಲಿಗ್ರಾಂ ಪ್ರತಿ ಲೀಟರಿಗೆ = 44.7 ಮೈಕ್ರೋಮೋಲ್ ಪ್ರತಿ ಲೀಟರಿಗೆ = ಸುಮಾರು 43.6 ಮೈಕ್ರೋಮೋಲ್ ಪ್ರತಿ ಕಿಲೋಗ್ರಾಂ ನೀರಿಗೆ.

ವರ್ಲ್ಡ್ ಓಷನ್ ಡೇಟಾಬೇಸಿನ ಹಿಂದಿನ ಆವೃತ್ತಿಗಳಲ್ಲಿ ಆಮ್ಲಜನಕ ಮಿಲಿಲೀಟರಿನಲ್ಲಿತ್ತು, 2018ರ ಆವೃತ್ತಿಯಿಂದ ಕಿಲೋಗ್ರಾಮಿಗೆ ಮೈಕ್ರೋಮೋಲ್ ಆಗಿದೆ. ಗೆಳೆಯರು ಹಿಂದೆಂದೋ ಇಳಿಸಿದ ಫೈಲನ್ನು ನಿಮ್ಮದರ ಜೊತೆ ಬೆರೆಸುವ ಮೊದಲು ಏಕಮಾನದ ಸಾಲು ನೋಡಿ. ನೆನಪಿಡಬೇಕಾದ ಎರಡು ಮಟ್ಟ: ಲೀಟರಿಗೆ 1.4 ಮಿಲಿಲೀಟರಿಗಿಂತ ಕಡಿಮೆಯಾದರೆ ಹೆಚ್ಚಿನ ತಳಮೀನುಗಳಿಗೆ ಉಸಿರುಗಟ್ಟುತ್ತದೆ, 0.5 ಮಿಲಿಲೀಟರ್, ಅಂದರೆ ಸುಮಾರು 22 ಮೈಕ್ರೋಮೋಲ್, ಕನಿಷ್ಠ ಆಮ್ಲಜನಕ ವಲಯದ ಅಂಚೆಂದು ಸಾಮಾನ್ಯವಾಗಿ ಹಿಡಿಯುವ ಮಟ್ಟ.

ಹಳೆಯ ಪೋಷಕಾಂಶದ ಅಂಕಿಗಳ ಮುಂದೆ "ಮೈಕ್ರೋಗ್ರಾಂ ಆಟಂ ಪ್ರತಿ ಲೀಟರಿಗೆ" ಎಂದಿದ್ದರೆ ಹೆದರಬೇಕಿಲ್ಲ, ಅದು ಮೈಕ್ರೋಮೋಲ್‌ಗೆ ಸಮ. ಬರೀ ಮೈಕ್ರೋಗ್ರಾಂ ಸಾರಜನಕ ಎಂದಿದ್ದರೆ 14ರಿಂದ ಭಾಗಿಸಿ. ಹಳೆಯ ಪಿಎಚ್ ಅಂಕಿಗಳನ್ನು ಬದಿಗಿಡಿ ಎಂಬುದು ನನ್ನ ಸಲಹೆ. ಆಗಿನ ಮಾಪನ ಪದ್ಧತಿಗೂ ಈಗಿನದಕ್ಕೂ 0.1ಕ್ಕೂ ಮಿಕ್ಕಿ ವ್ಯತ್ಯಾಸವಿದೆ, ಕೈಗಾರಿಕಾ ಯುಗದಿಂದ ಇಲ್ಲಿಯವರೆಗೆ ಸಾಗರದ ಮೇಲ್ನೀರಿನ ಪಿಎಚ್ ಇಳಿದಿರುವುದೂ ಅಷ್ಟೇ.

ಹೆಜ್ಜೆ 7: ಗುಣಮಟ್ಟದ ಗುರುತು

ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿ. ವರ್ಲ್ಡ್ ಓಷನ್ ಡೇಟಾಬೇಸಿನಲ್ಲಿ 0 ಎಂದರೆ "ಸರಿ ಇದೆ". ಆರ್ಗೋದಲ್ಲಿ 0 ಎಂದರೆ "ಪರೀಕ್ಷಿಸಿಲ್ಲ", 1 ಎಂದರೆ "ಸರಿ ಇದೆ", 4 ಎಂದರೆ "ಕೆಟ್ಟದ್ದು". ಹಡಗುಗಳು ಅಳೆದ ಸಾಗರ ರಸಾಯನದ ಇನ್ನೊಂದು ಸಂಗ್ರಹವಾದ ಗ್ಲೋಡ್ಯಾಪಿನಲ್ಲಿ "ಸರಿ"ಗೆ 2. ಮೂರನ್ನೂ ಒಂದೇ ಹಾಳೆಗೆ ಸುರಿದು "0 ಮಾತ್ರ ಇಡು" ಎಂದರೆ ಏನಾಗುತ್ತದೆಂದು ನೀವೇ ಊಹಿಸಿ. ಒಂದೊಂದನ್ನೂ ಬೇರೆ ಬೇರೆಯಾಗಿ ಸೋಸಿ, ಆಮೇಲೆ ಜೋಡಿಸಿ.

ಗುರುತು ಬಿದ್ದ ಅಂಕಿಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಿ. ಯಂತ್ರ ಸರಾಸರಿಗಿಂತ ದೂರ ಇದ್ದುದಕ್ಕೆಲ್ಲ ಗುರುತು ಹಾಕುತ್ತದೆ. ಆಗಸ್ಟಿನಲ್ಲಿ ದಡದ ಹತ್ತಿರ ಮೇಲೆದ್ದ ತಣ್ಣೀರು ಸರಾಸರಿಗಿಂತ ದೂರವೇ ಇರುತ್ತದೆ.

ಬಾಟಲಿ ನೀರಿನ ಆಮ್ಲಜನಕವನ್ನು ಆಗ ಅಳೆಯುತ್ತಿದ್ದದ್ದು ವಿಂಕ್ಲರ್ ಟೈಟ್ರೇಷನ್ನಿನಿಂದ. ಒಳ್ಳೆಯ ವಿಧಾನ, ಆದರೆ ಆಮ್ಲಜನಕ ತೀರಾ ಕಡಿಮೆಯಿದ್ದಾಗ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಾಗಿ 0.1 ಮತ್ತು 0.2 ಮಿಲಿಲೀಟರಿನ ನಡುವಿನ ಏರಿಳಿತಕ್ಕೆ ಅರ್ಥ ಕಟ್ಟಬೇಡಿ. ಅಂಥ ನೀರಿನಲ್ಲಿ ನೈಟ್ರೈಟ್ ಹೆಚ್ಚು ನಂಬಿಕೆಯ ಸಾಕ್ಷಿ. ಅರಬ್ಬೀ ಸಮುದ್ರದ ಮಧ್ಯ ಮತ್ತು ಈಶಾನ್ಯ ಭಾಗದಲ್ಲಿ ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಉಸಿರಾಟಕ್ಕೆ ಬಳಸುತ್ತವೆ, ಆ ಆಳದಲ್ಲಿ ನೈಟ್ರೈಟಿನ ದಿಬ್ಬವೊಂದು ಏಳುತ್ತದೆ. ನಮ್ಮ ಇಳಿಜಾರಿನಲ್ಲಿ ಮಾನ್ಸೂನ್ ಹೊತ್ತಿಗೆ ಮೇಲ್ಪ್ರವಾಹ ದಕ್ಷಿಣಕ್ಕೆ ಹರಿದರೆ, ಅದರಡಿಯ ಒಳಪ್ರವಾಹ ಉತ್ತರಕ್ಕೆ ಹೋಗುತ್ತಾ ತುಸು ಆಮ್ಲಜನಕವನ್ನು ದಕ್ಷಿಣದಿಂದ ತರುತ್ತದೆ. ಆದ್ದರಿಂದ ಆ ದಿಬ್ಬ ಇಲ್ಲಿ ಕಾಣದಿದ್ದರೆ ದತ್ತಾಂಶ ಕೆಟ್ಟಿದೆ ಎಂದುಕೊಳ್ಳಬೇಡಿ.

ಹೆಜ್ಜೆ 8: ತಿಂಗಳ ಪ್ರಕಾರ ಬಿಡಿಸಿ

ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ಓಷನ್ ಡೇಟಾ ವ್ಯೂ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ವರ್ಲ್ಡ್ ಓಷನ್ ಡೇಟಾಬೇಸಿನ ಫೈಲನ್ನು ನೇರವಾಗಿ ಒಳಕ್ಕೆ ತೆಗೆದುಕೊಳ್ಳುತ್ತದೆ. ದಡದಿಂದ ಪಶ್ಚಿಮಕ್ಕೆ 12.5 ಡಿಗ್ರಿಯ ಗುಂಟ ಒಂದು ಸೀಳುನೋಟ ಎಳೆಯಿರಿ: ಅಡ್ಡಕ್ಕೆ ದೂರ, ಕೆಳಕ್ಕೆ ಆಳ, ಬಣ್ಣಕ್ಕೆ ಆಮ್ಲಜನಕ.

ವರ್ಷದ ಸರಾಸರಿ ಬೇಡವೇ ಬೇಡ. ಡಿಸೆಂಬರಿನಿಂದ ಫೆಬ್ರವರಿ, ಮಾರ್ಚಿನಿಂದ ಮೇ, ಜೂನಿನಿಂದ ಸೆಪ್ಟೆಂಬರ್, ಅಕ್ಟೋಬರ್–ನವೆಂಬರ್ ಎಂದು ನಾಲ್ಕು ಚಿತ್ರ ಮಾಡಿ. ಮಾರ್ಚ್–ಮೇಯಲ್ಲಿ ಬೆಚ್ಚನೆಯ ನೀರು ದಪ್ಪವಾಗಿ ಮೇಲೆ ಕುಳಿತಿರುತ್ತದೆ, ಕಡಿಮೆ ಆಮ್ಲಜನಕದ ಅಂಚು ಇಳಿಜಾರಿನ ಕೆಳಗಿರುತ್ತದೆ. ಜೂನ್ ಬಳಿಕ ಆ ಗೆರೆಗಳು ದಡದ ಕಡೆಗೆ ಮೇಲಕ್ಕೆ ಬಾಗುತ್ತವೆ. ಚಳಿಗಾಲದ ಚಿತ್ರದಲ್ಲಿ ಲವಣತೆಯನ್ನೂ ನೋಡಿ. ಬಂಗಾಳ ಕೊಲ್ಲಿಯ ಸಪ್ಪೆ ನೀರು ಕನ್ಯಾಕುಮಾರಿ ಸುತ್ತಿ ನಮ್ಮ ದಡದ ಗುಂಟ ಉತ್ತರಕ್ಕೆ ಬರುವ ಕಾಲ ಅದು.

ಒಂದೊಂದು ಚಿತ್ರದ ಮೂಲೆಯಲ್ಲೂ ಎಷ್ಟು ನಿಲ್ದಾಣ, ಯಾವ ವರ್ಷಗಳು ಎಂದು ಬರೆಯಿರಿ. ಎರಡೇ ನಿಲ್ದಾಣದಿಂದಲೂ ತಂತ್ರಾಂಶ ಚೆಂದದ ಬಣ್ಣದ ಚಿತ್ರ ಬಿಡಿಸಿಕೊಡುತ್ತದೆ. ಚುಕ್ಕೆಗಳು ಕಾಣುವ ಹಾಗೆಯೇ ಇಡಿ.

ಹೆಜ್ಜೆ 9: ಜೀವಿಗಳನ್ನು ಸೇರಿಸಿ

ಯುನೆಸ್ಕೋದ ಅಂತರಸರ್ಕಾರಿ ಸಾಗರ ವಿಜ್ಞಾನ ಆಯೋಗದಡಿ ಇರುವ, ಯಾವ ಸಾಗರಜೀವಿ ಎಲ್ಲಿ ಸಿಕ್ಕಿತೆಂಬ ದಾಖಲೆಗಳ ಸಂಗ್ರಹವಾದ ಓಬಿಸ್‌ನಲ್ಲಿ ಇದೇ ಚೌಕಟ್ಟು ಕೊಡಿ. ಅದರ ಭಾರತೀಯ ಶಾಖೆ ಇಂಡ್‌ಓಬಿಸ್ ಕೊಚ್ಚಿಯ ಸಾಗರ ಜೀವ ಸಂಪನ್ಮೂಲ ಕೇಂದ್ರದಲ್ಲಿದೆ. ಸಿಕ್ಕ ಹೆಸರುಗಳನ್ನೆಲ್ಲ ವರ್ಮ್ಸ್ ಎಂಬ ಜಾಗತಿಕ ಸಾಗರಜೀವಿ ಪಟ್ಟಿಗೆ ಹಾಕಿ ಈಗಿನ ಹೆಸರು ಪಡೆಯಿರಿ. ಇಲ್ಲವಾದರೆ ಪ್ಯಾರಪಾಂಡಲಸ್ ಎಂದು ಹಳೆಯವರು ಬರೆದ ಸಿಗಡಿಯೂ ಈಗಿನವರ ಪ್ಲೆಸಿಯೋನಿಕಾವೂ ಎರಡು ಜೀವಿಗಳೆಂದು ಲೆಕ್ಕಕ್ಕೆ ಬರುತ್ತವೆ.

ಇಳಿಜಾರಿನ ಜೀವಿಗಳ ಕಥೆ ಬ್ರಿಟಿಷರ ಕಾಲದ ಸಮೀಕ್ಷಾ ಹಡಗು ಇನ್ವೆಸ್ಟಿಗೇಟರಿನಿಂದ ಶುರು. ಅದರಲ್ಲಿ ವೈದ್ಯರಾಗಿದ್ದ ಆಲ್‌ಫ್ರೆಡ್ ಆಲ್ಕಾಕ್ ಹೆಸರಿನಲ್ಲೇ ಕೆಂಪು ಆಳಸಿಗಡಿ ಅರಿಸ್ಟಿಯಸ್ ಆಲ್ಕಾಕಿ ಇದೆ. ಮಬಾಹಿಸ್‌ನ ಸ್ಯೂವೆಲ್ ಹೆಸರು ಆಳದ ಏಡಿಸಿಗಡಿ ಪ್ಯೂರುಲಸ್ ಸ್ಯೂವೆಲ್ಲಿಗೆ ಬಂದಿದೆ. 1999–2000ದ ಹೊತ್ತಿಗೆ ಕೇರಳದ ಟ್ರಾಲ್ ಬೋಟುಗಳು ಇಳಿಜಾರಿಗೆ ಇಳಿದು ಹಿಡಿಯತೊಡಗಿದ್ದು ಈ ಕೆಂಪು ಸಿಗಡಿಯನ್ನೂ ಹೆಟರೋಕಾರ್ಪಸ್ ಜಾತಿಯವನ್ನೂ. ಮಂಗಳೂರಿನ ಬಂದರಿನಲ್ಲಿ ಡಿಸ್ಕೊ ಎಂದು ಕರೆಯುವ ದೊಡ್ಡ ಕಣ್ಣಿನ ಕೆಂಪು ಮೀನು ಆವರಣ ಪ್ರದೇಶದ ಹೊರ ಅಂಚಿನದು.

ಓಬಿಸ್ ಫೈಲಿನಲ್ಲಿ ಆಳದ ಕಾಲಂ ಸೊನ್ನೆ ಇದ್ದರೆ "ಮೇಲ್ನೀರು" ಎಂದು ಓದಬೇಡಿ. ಎಷ್ಟೋ ಸಲ ಅದು "ಬರೆದಿಲ್ಲ" ಎಂಬುದರ ಗುರುತು. ಆಳಸಿಗಡಿಯೊಂದು ಸೊನ್ನೆ ಮೀಟರಿನಲ್ಲಿ ಸಿಕ್ಕಿದೆ ಎಂದಿದ್ದರೆ ಅದು ಆಳ ಬರೆಯದ ದಾಖಲೆಯೇ, ಅನುಮಾನ ಬೇಡ. ಅಕ್ಷಾಂಶ ರೇಖಾಂಶ ಎರಡೂ ಪೂರ್ಣಾಂಕವಾಗಿದ್ದರೆ ಆ ದಾಖಲೆ ನೂರು ಕಿಲೋಮೀಟರ್ ಆಚೀಚೆ ಎಲ್ಲಿಯದೂ ಆಗಬಹುದು, ಇಳಿಜಾರಿನ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

1960ರ ದಶಕದ ಯಾತ್ರೆಯ ಪ್ರಾಣಿಪ್ಲವಕದ ಅಂಕಿಗಳಿಗೆ ಇನ್ನೊಂದು ಎಚ್ಚರ. ಆ ಯಾತ್ರೆಯ ಪ್ರಮಾಣಿತ ಬಲೆಯನ್ನು 200 ಮೀಟರಿನಿಂದ ಮೇಲಕ್ಕೆ ಎಳೆಯುತ್ತಿದ್ದರು. ಹಗಲಿನಲ್ಲಿ 300 ಮೀಟರಿನಲ್ಲಿ ಅಡಗಿದ್ದ ಜೀವಿ ಅದಕ್ಕೆ ಸಿಗುವುದಿಲ್ಲ. ಜೂನ್–ಜುಲೈಯ ತಳಮೀನಿನ ದಾಖಲೆ ವಿರಳವಾದರೆ ನಮ್ಮಲ್ಲಿ ಆಗ 52 ದಿನ ಟ್ರಾಲಿಂಗ್ ನಿಷೇಧವಿದೆ ಎಂಬುದನ್ನು ಮರೆಯದಿರಿ. ಬಲೆಯೇ ಹೋಗದ ಕಡೆ "ಜೀವಿ ಇಲ್ಲ" ಎಂದು ಬರೆಯುವ ಹಾಗಿಲ್ಲ.

ಹೆಜ್ಜೆ 10: ಎರಡನ್ನೂ ಒಂದೇ ಹಾಳೆಯಲ್ಲಿಡಿ

1963ರ ನೀರಿನ ನಿಲ್ದಾಣಕ್ಕೂ 1998ರ ಟ್ರಾಲ್ ಬಲೆಗೂ ನೇರ ಗಂಟು ಹಾಕಬೇಡಿ. ಪ್ರತಿ ಜೀವಿಯ ದಾಖಲೆಗೂ ಅದರ ತಿಂಗಳು, ಆಳ ಹಿಡಿದು, ಆ ತಿಂಗಳ ಆ ಆಳದಲ್ಲಿ ಹಳೆಯ ನಿಲ್ದಾಣಗಳು ಕಂಡ ಆಮ್ಲಜನಕದ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆಯಿರಿ. ಒಂದೇ ಸರಾಸರಿ ಬರೆಯುವುದಕ್ಕಿಂತ ಈ ಎರಡಂಕಿಯ ವ್ಯಾಪ್ತಿ ಪ್ರಾಮಾಣಿಕ. ಹೀಗೆ ಮಾಡಿದಾಗ 0.5 ಮಿಲಿಲೀಟರಿನ ಕೆಳಗೂ ಬಾಳುವ ಸಿಗಡಿ, ದೀಪಮೀನುಗಳು ಒಂದು ಗುಂಪಾಗಿ, ಆ ಗೆರೆ ಬಂದೊಡನೆ ಜಾಗ ಖಾಲಿ ಮಾಡುವ ಮೀನುಗಳು ಇನ್ನೊಂದಾಗಿ ನಿಮ್ಮ ಹಾಳೆಯಲ್ಲೇ ಬೇರ್ಪಡುತ್ತವೆ.

ಇಳಿಸಿದ ಮೂಲ ಫೈಲನ್ನು ಮುಟ್ಟದೆ ಹಾಗೇ ಇಡಿ, ಹೆಸರಿನಲ್ಲಿ ಇಳಿಸಿದ ತಾರೀಕು ಇರಲಿ. ತಿದ್ದುಪಡಿಗಳೆಲ್ಲ ನಕಲಿನಲ್ಲಿ. ಏನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂಬುದಕ್ಕೆ ಕನ್ನಡದಲ್ಲೇ ಒಂದು ಟಿಪ್ಪಣಿ ಫೈಲ್ ಬರೆಯಿರಿ.

ನಾನು ಕೊನೆಗೆ ಜೂನ್–ಸೆಪ್ಟೆಂಬರ್ ಚಿತ್ರವನ್ನು ಆಳದ ಕಡೆ ಮೀಟರ್ ತೆಗೆದು ಮಾರಿನಲ್ಲಿ ಗುರುತು ಹಾಕಿ ಪ್ರಿಂಟ್ ತೆಗೆದೆ. ಕಸಬಾದ ಹಿರಿಯರು ಕಾಗದವನ್ನು ದೋಣಿಯ ಅಂಚಿನ ಮೇಲೆ ಹರಡಿ, ಇಪ್ಪತ್ತು ಮಾರಿನ ಗೆರೆಯ ಮೇಲೆ ಬೆರಳಿಟ್ಟು ದಡದ ಕಡೆಗೆ ಎಳೆಯುತ್ತಾ ಬಂದರು. ಚುಕ್ಕೆಗಳೇ ಇಲ್ಲದ ಖಾಲಿ ಜಾಗ ಬಂದಾಗ ನಿಲ್ಲಿಸಿ, "ಇಲ್ಲಿ ಯಾರೂ ಅಳೆದಿಲ್ಲವಾ?" ಎಂದು ಕೇಳಿದರು. ಈಗ ಅವರ ಬೋಟಿನಲ್ಲಿ ಒಂದು ಥರ್ಮಾಮೀಟರ್ ಇದೆ. ಬಲೆ ಮೇಲೆ ಬಂದಾಗಲೆಲ್ಲ ಮಾರು, ತಾರೀಕು, ಉಷ್ಣತೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ.